ಹೊಸ ಶಕ್ತಿ ಎಲ್ಲಿಂದ ಬರಬೇಕು? ಜುಂಜಪ್ಪನ ಕಾವ್ಯವೂ ಜಪಾನಿನ ಮಾಂಗಾವೂ

ವರ್ಷಗಟ್ಟಲೆ ಬೆಳೆಯುವ ಸಾಹಸಕಥೆಗೆ ಒಂದು ಕಂಟಕ ತಪ್ಪಿದ್ದಲ್ಲ. ನಾಯಕ ಸೋಲುವ ಹೊತ್ತಿಗೆ ಅವನಿಗೊಂದು ಹೊಸ ಶಕ್ತಿ ಒದಗುತ್ತದೆ. ಮುಂದಿನ ಹಗೆ ಅದನ್ನೂ ಮೀರಿದವನಾಗಬೇಕು. ಅವನನ್ನು ಗೆಲ್ಲಲು ಮತ್ತೊಂದು ಶಕ್ತಿ ಬೇಕು. ಅಕಿರಾ ತೊರಿಯಾಮಾರ 'ಡ್ರ್ಯಾಗನ್ ಬಾಲ್' (1984–95) ಮಾಂಗಾದಲ್ಲಿ, ಅಂದರೆ ಜಪಾನಿ ಚಿತ್ರಕಥೆಯಲ್ಲಿ, ಗೆಳೆಯ ಕ್ರಿಲಿನ್ ಸತ್ತ ಸಂಕಟದಲ್ಲಿ ನಾಯಕ ಗೊಕು ಸೂಪರ್ ಸೈಯನ್ ಎಂಬ ಬಲಶಾಲಿ ರೂಪ ತಾಳುವ ಘಟ್ಟ ಮೈ ನಡುಗಿಸುತ್ತದೆ. ಮುಂದೆ ಅದೇ ರೂಪ ಅವನ ಎಳೆಯ ಮಗನಿಗೂ ಸಲೀಸಾಗಿ ಒಲಿದಾಗ ಆ ಸಂಕಟದ ಬೆಲೆಯೇ ಇಳಿಯುತ್ತದೆ.

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಸೀಮೆಯ ಗೊಲ್ಲರಹಟ್ಟಿಗಳ ಹಾಡುಗಾರರಿಗೂ ಇದೇ ಸವಾಲಿತ್ತು. ಕಾಡುಗೊಲ್ಲರ ಸಾಂಸ್ಕೃತಿಕ ವೀರ ಜುಂಜಪ್ಪ ದನ ಕಾಯುವವನು. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಅವನ ನೆಲೆ. ಅವನ ಕಥೆಯ ಕಾವ್ಯವನ್ನು ಚಲುವರಾಜು ಸಂಪಾದಿಸಿದ್ದಾರೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ. ಆದರೆ ಅದರ ಜೀವ ಇರುವುದು ಗಣೆಯ ಉಸಿರಿನಲ್ಲಿ. ಉದ್ದ ಬಿದಿರಿನ ಆ ವಾದ್ಯವನ್ನು ಊದುತ್ತಾ, ನಡುನಡುವೆ ಪದ ಹೇಳುತ್ತಾ ಹಾಡುಗಾರ ಕಥೆಯನ್ನು ಮುಂದಕ್ಕೆ ಒಯ್ಯುತ್ತಾನೆ.

ಈ ಕಾವ್ಯದಲ್ಲಿ ಪವಾಡಕ್ಕೆ ಬರವಿಲ್ಲ. ಆದರೂ ಅದು ಹಗುರಾಗುವುದಿಲ್ಲ. ಏಕೆಂದರೆ ಜುಂಜಪ್ಪನ ಬಲವೆಲ್ಲ ಅವನ ಕಸುಬಿಗೆ ಅಂಟಿಕೊಂಡೇ ಇರುತ್ತದೆ: ದನದ ಮಂದೆ, ಬಡಮೈಲನೆಂಬ ಗೂಳಿ, ಕೈಯಲ್ಲಿನ ಗಣೆ. ಮೇವು ನೀರಿಗಾಗಿ ಅಲೆಯುವ ಬಯಲುಸೀಮೆಯ ಪಶುಪಾಲಕರು ತಮ್ಮ ನಾಯಕನಲ್ಲಿ ಕಾಣಬಯಸಿದ್ದು ಇಂಥ ಬಲವನ್ನೇ. ಎರಡನೆಯದಾಗಿ, ಯಾವ ಪವಾಡವೂ ಅವನ ಮೂಲ ಸಂಕಟವನ್ನು ನೀಗಿಸುವುದಿಲ್ಲ. ಅವನ ಹಗೆಗಳು ಹೊರಗಿನವರಲ್ಲ, ಸೋದರಮಾವಂದಿರು. ಅವರ ಸಂಚುಗಳನ್ನು ಒಂದೊಂದಾಗಿ ದಾಟಿದವನು ಕೊನೆಗೆ ಅವರು ಇಕ್ಕಿದ ವಿಷಕ್ಕೇ ಬಲಿಯಾಗುತ್ತಾನೆ.

ಅವನ ದೊಡ್ಡ ಶಕ್ತಿ ಬರುವುದು ಅದಾದ ಮೇಲೆ. ಹಾವು ಚೇಳುಗಳಂಥ ವಿಷಜಂತುಗಳಿಂದ ಕಾಯುವ ದೈವವೆಂದು ಭಕ್ತರು ಅವನನ್ನು ನಂಬುತ್ತಾರೆ. ವಿಷದಿಂದ ಸತ್ತವನೇ ವಿಷದಿಂದ ಕಾಯುತ್ತಾನೆ. ಪಾತ್ರಕ್ಕೆ ಹೊಸ ಶಕ್ತಿ ಕೊಡುವ ಕಲೆಯಲ್ಲಿ ಇದಕ್ಕಿಂತ ಮೇಲಾದ ಮಾದರಿ ನನಗೆ ಕಂಡಿಲ್ಲ. ಆ ಶಕ್ತಿ ಗಾಯದಿಂದಲೇ ಹುಟ್ಟಿದೆ, ಅದರ ಬೆಲೆ ಮೊದಲೇ ಸಂದಿದೆ, ಅದರ ಫಲ ನಾಯಕನಿಗಲ್ಲ, ಅವನ ಜನಕ್ಕೆ.

ಮಾಂಗಾದ ಒಳ್ಳೆಯ ಕೃತಿಗಳೂ ಬೇರೆ ದಾರಿಯಿಂದ ಇದೇ ವಿವೇಕಕ್ಕೆ ಬಂದಿವೆ. 1998ರಲ್ಲಿ ಆರಂಭವಾದ ಯೊಶಿಹಿರೊ ತೊಗಾಶಿಯವರ 'ಹಂಟರ್ × ಹಂಟರ್'ನಲ್ಲಿ ತನಗೆ ತಾನೇ ಕಠಿಣ ವ್ರತ ವಿಧಿಸಿಕೊಂಡವನ ಬಲ ಹೆಚ್ಚುತ್ತದೆ. ವ್ರತ ಮುರಿದರೆ ದಂಡ ತೆರಬೇಕು. 1997ರಿಂದ ನಡೆದಿರುವ ಎಯಿಚಿರೊ ಓಡಾರ 'ಒನ್ ಪೀಸ್' ಬಿತ್ತಿ ಬೆಳೆಯುವ ಕ್ರಮದ್ದು. ಮೊದಲ ಅಧ್ಯಾಯದಲ್ಲಿ ಕಡಲ್ಗಳ್ಳ ಶಾಂಕ್ಸ್ ಬರೀ ನೋಟದಿಂದ ಕಡಲಮೃಗವನ್ನು ಓಡಿಸುತ್ತಾನೆ. ಆ ಬಲಕ್ಕೆ 'ಹಾಕಿ' ಎಂಬ ಹೆಸರು ಸಿಗುವುದು ಎಷ್ಟೋ ವರ್ಷಗಳ ನಂತರ. ಆದರೆ ನಾಯಕ ಲುಫಿ ತಿಂದು ರಬ್ಬರ್ ದೇಹ ಪಡೆದ ಹಣ್ಣು ವಾಸ್ತವದಲ್ಲಿ ನಿಕಾ ಎಂಬ ಸೂರ್ಯದೇವತೆಯದು ಎಂದು 2022ರಲ್ಲಿ ಬಯಲಾದದ್ದು ನನಗೆ ಒಪ್ಪಿಗೆಯಿಲ್ಲ. ಸಾಮಾನ್ಯ ರಬ್ಬರ್ ದೇಹವನ್ನು ಜಾಣ್ಮೆಯಿಂದ ಪಳಗಿಸಿಕೊಂಡ ಹುಡುಗನ ದುಡಿಮೆಯನ್ನು ಆ ತಿರುವು ದೈವಕ್ಕೆ ಒಪ್ಪಿಸಿಬಿಡುತ್ತದೆ.

ಜುಂಜಪ್ಪನಿಗೂ ಈ ಅಪಾಯವಿದೆ. ಅವನು ಶಿವನ ಅಂಶವೆಂಬ ಮಾತಿಗೇ ಒತ್ತು ಕೊಟ್ಟು ಹೇಳಿದಷ್ಟೂ ವಿಷವುಂಡ ಸಾವು ಬರೀ ಲೀಲೆಯಾಗುತ್ತದೆ, ದನಗಾಹಿಯ ನೋವು ಮಸುಕಾಗುತ್ತದೆ. ಗಣೆಯ ಹಾಡು ಅವನನ್ನು ಮಂದೆಯ ನಡುವೆಯೇ ನಿಲ್ಲಿಸಿ ಮನುಷ್ಯನಾಗಿ ಉಳಿಸಿದೆ. ಆದ್ದರಿಂದ ಆ ಹಾಡುಗಾರಿಕೆ ಉಳಿಯಬೇಕು, ಎಳೆಯರಿಗೆ ದಾಟಬೇಕು. ಕನ್ನಡದಲ್ಲಿ ಚಿತ್ರಕಥೆ ಬರೆಯಹೊರಟವರು ಶಕ್ತಿ ಕೊಡುವ ಬಗೆಯನ್ನು ಟೋಕಿಯೊದಿಂದ ಕಲಿಯಲಿ, ಶಿರಾ ಸೀಮೆಯ ಹಟ್ಟಿಗಳಿಂದಲೂ ಕಲಿಯಲಿ.