ನಮ್ಮ ಹೊಲದ ಹಾವು, ಬೇರೆ ಊರಿನ ಮದ್ದು

ಔಷಧ ಕಂಪನಿಗಳ ಮಾತು ಬಂದಾಗಲೆಲ್ಲ ಕ್ಯಾನ್ಸರ್ ಮಾತ್ರೆಯ ಬೆಲೆ, ಪೇಟೆಂಟ್, ಕೋರ್ಟು ಎಂದು ಚರ್ಚೆ ಹೊರಡುತ್ತದೆ. ಆ ಜಗಳ ಸಣ್ಣದಲ್ಲ. 2013ರಲ್ಲಿ ನೊವಾರ್ಟಿಸ್ ಕಂಪನಿಯ ಗ್ಲಿವೆಕ್ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಬಡ ರೋಗಿಗಳ ಪಾಲಿಗೆ ದೊಡ್ಡ ಆಸರೆಯೇ ಆಯಿತು. ಆದರೆ ಪೇಟೆಂಟಿನ ಗೊಡವೆಯೇ ಇಲ್ಲದ, ನೂರು ವರ್ಷಕ್ಕೂ ಹಳೆಯದಾದ ಒಂದು ಮದ್ದನ್ನು ಎತ್ತಿಕೊಂಡು ನೋಡಿದರೆ ಈ ಉದ್ಯಮದ ಗುಣವೂ ದೋಷವೂ ಇನ್ನಷ್ಟು ಸ್ಪಷ್ಟವಾಗುತ್ತವೆ. ಆಸ್ಪತ್ರೆಯವರು ಎಎಸ್‌ವಿ ಎನ್ನುವ, ಜನ ಹಾವಿನ ಇಂಜೆಕ್ಷನ್ ಎನ್ನುವ ಮದ್ದು ಅದು.

ಕೋಲಾರದ ಕಡೆಯ ರೈತರಿಗೆ ಅದರ ಅಗತ್ಯವನ್ನು ಯಾರೂ ಹೇಳಿಕೊಡಬೇಕಿಲ್ಲ. ಮುಳಬಾಗಿಲಿನಲ್ಲಿ ಟೊಮೆಟೊ ಸಾಲಿನೊಳಗೆ ಬಗ್ಗಿ ಹಣ್ಣು ಕೀಳುವವರು, ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ತರಗೆಲೆಯ ಮೇಲೆ ಬರಿಗಾಲಲ್ಲಿ ಓಡಾಡುವವರು, ಮಾಲೂರಿನ ಇಟ್ಟಿಗೆ ಗೂಡುಗಳ ಪಕ್ಕ ನೆಲದ ಮೇಲೆ ಚಾಪೆ ಹಾಸಿ ಮಲಗುವ ಕೂಲಿಯವರು, ರಾತ್ರಿ ತ್ರೀ ಫೇಸ್ ಕರೆಂಟ್ ಬಂತೆಂದು ಮೋಟಾರ್ ಹಾಕಲು ಕತ್ತಲಲ್ಲೇ ಬದು ಹಿಡಿದು ಹೋಗುವವರು, ಎಲ್ಲರೂ ಹಾವಿನ ದಾರಿಯಲ್ಲೇ ಬದುಕುವವರು. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ವರ್ಷಕ್ಕೆ ಸರಾಸರಿ 58 ಸಾವಿರ. ಸತ್ತವರಲ್ಲಿ ಬಹುಪಾಲು ಹಳ್ಳಿಯವರು. ಮನೆ ನಡೆಸುವ ವಯಸ್ಸಿನವರೇ ಹೆಚ್ಚಾಗಿ ಇದಕ್ಕೆ ಬಲಿಯಾಗುತ್ತಾರೆ.

ಮೊದಲು ಈ ಮದ್ದಿಗೆ ಸಲ್ಲಬೇಕಾದ ಹೊಗಳಿಕೆಯನ್ನು ಸಲ್ಲಿಸಬೇಕು. 1890ರ ದಶಕದಲ್ಲಿ ಪ್ಯಾರಿಸ್‌ನ ಪಾಸ್ತರ್ ಸಂಸ್ಥೆಯ ಆಲ್ಬರ್ಟ್ ಕಾಲ್ಮೆಟ್ ರೂಪಿಸಿದ ವಿಧಾನದ ಬುನಾದಿಯ ಮೇಲೆಯೇ ಇವತ್ತಿಗೂ ಕೆಲಸ ನಡೆಯುತ್ತಿದೆ. ಕುದುರೆಗೆ ಹಾವಿನ ವಿಷವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ತಿಂಗಳುಗಟ್ಟಲೆ ಚುಚ್ಚುತ್ತಾರೆ. ಅದರ ರಕ್ತದಲ್ಲಿ ವಿಷವನ್ನು ಹಿಡಿದು ಕಟ್ಟುವ ಪ್ರತಿಕಾಯಗಳು ಹುಟ್ಟುತ್ತವೆ. ಆ ರಕ್ತದ ಪ್ಲಾಸ್ಮಾ ತೆಗೆದು, ಶುದ್ಧಿ ಮಾಡಿ, ತಣ್ಣಗೆ ಒಣಗಿಸಿ ಬಿಳಿ ಪುಡಿ ಮಾಡಿ ಸೀಸೆಗೆ ತುಂಬುತ್ತಾರೆ. ಭಾರತದ ಕಂಪನಿಗಳು ಇದನ್ನು ಕೆಲವು ನೂರು ರೂಪಾಯಿಗೆ ಒಂದು ಸೀಸೆಯಂತೆ ಲಕ್ಷಗಟ್ಟಲೆ ತಯಾರಿಸುತ್ತವೆ. ಆಫ್ರಿಕಾದ ಕಥೆ ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಅಲ್ಲಿಗೆ ಬೇಕಾದ ಫಾವ್-ಆಫ್ರಿಕ್ ಎಂಬ ಮದ್ದನ್ನು ಫ್ರಾನ್ಸಿನ ಸನೋಫಿ ಲಾಭವಿಲ್ಲವೆಂದು ನಿಲ್ಲಿಸಿತು; ಉಳಿದಿದ್ದ ಕೊನೆಯ ದಾಸ್ತಾನಿನ ಅವಧಿ 2016ರ ಜೂನ್‌ನಲ್ಲಿ ಮುಗಿಯಿತು. ವಿಶ್ವ ಆರೋಗ್ಯ ಸಂಸ್ಥೆ ಹಾವಿನ ಕಡಿತವನ್ನು ನಿರ್ಲಕ್ಷಿತ ರೋಗಗಳ ಮೊದಲ ಸಾಲಿಗೆ ಸೇರಿಸಿದ್ದು ಮರುವರ್ಷ, 2017ರಲ್ಲಿ. ನಮ್ಮಲ್ಲಿ ಕಂಪನಿಗಳು ಹಾಗೆ ಬಾಗಿಲು ಹಾಕಿಕೊಂಡು ಹೋಗಲಿಲ್ಲ.

ಆದರೆ ಆ ಕುದುರೆಗೆ ಚುಚ್ಚುವ ವಿಷ ಎಲ್ಲಿಂದ ಬರುತ್ತದೆ? ದೇಶದ ಬಹುಪಾಲು ವಿಷ ಬರುವುದು ಒಂದೇ ಕಡೆಯಿಂದ. ತಮಿಳುನಾಡಿನ ಚೆಂಗಲ್ಪಟ್ಟು ಜಿಲ್ಲೆಯ ವಡನೆಮ್ಮೇಲಿಯಲ್ಲಿ 1978ರಲ್ಲಿ ಶುರುವಾದ ಇರುಳರ ಹಾವು ಹಿಡಿಯುವವರ ಸಹಕಾರ ಸಂಘದಿಂದ. ಈ ಸಂಘದ ಬಗ್ಗೆ ನನಗೆ ತುಂಬು ಗೌರವವಿದೆ. ಚರ್ಮಕ್ಕಾಗಿ ಹಾವು ಕೊಲ್ಲುವ ವ್ಯಾಪಾರ ಕಾನೂನಿನಿಂದ ನಿಂತಮೇಲೆ ಹೊಟ್ಟೆಪಾಡು ಕಳೆದುಕೊಂಡ ಸಮುದಾಯ ಅದೇ ವಿದ್ಯೆಯನ್ನು ಜೀವ ಉಳಿಸುವುದಕ್ಕೆ ತಿರುಗಿಸಿತು. ಹಾವನ್ನು ಮೂರು ನಾಲ್ಕು ವಾರ ಮಡಕೆಯಲ್ಲಿಟ್ಟು, ವಾರಕ್ಕೊಮ್ಮೆ ವಿಷ ತೆಗೆದು, ಹೊಟ್ಟೆಯ ಹುರುಪೆಗೆ ಗುರುತು ಮಾಡಿ ಮತ್ತೆ ಕಾಡಿಗೆ ಬಿಡುತ್ತಾರೆ. ಈ ಸಮುದಾಯದ ವಡಿವೇಲ್ ಗೋಪಾಲ್ ಮತ್ತು ಮಾಸಿ ಸಡೈಯನ್ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ನ್ಯಾಯವಾಗಿಯೇ ಇದೆ. ಅವರು ತಮ್ಮ ಸೀಮೆಯ ಹಾವನ್ನು ಹಿಡಿಯುತ್ತಾರೆ, ಅದೂ ಅರಣ್ಯ ಇಲಾಖೆ ಅನುಮತಿ ಕೊಟ್ಟಷ್ಟನ್ನು. ತಪ್ಪು ಅವರದಲ್ಲ. ದೇಶಕ್ಕೆಲ್ಲ ಒಂದೇ ಸೀಮೆಯ ವಿಷ ಸಾಕೆಂದು ದಶಕಗಳಿಂದ ನೆಮ್ಮದಿಯಾಗಿ ಕೂತವರು ಮದ್ದು ಮಾಡುವವರು, ಮದ್ದು ಕೊಳ್ಳುವವರು.

ಸಾಕಾಗುವುದಿಲ್ಲ ಎಂಬುದಕ್ಕೆ ಪುರಾವೆ ಬಂದದ್ದು ನಮ್ಮ ಪಕ್ಕದ ಬೆಂಗಳೂರಿನಿಂದಲೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ಕಾರ್ತಿಕ್ ಸುನಗರ್ ಅವರ ತಂಡ ಬೇರೆ ಬೇರೆ ಪ್ರದೇಶದ ಹಾವುಗಳ ವಿಷವನ್ನು ವರ್ಷಗಟ್ಟಲೆ ಹೋಲಿಸಿ ನೋಡಿದೆ. ಒಂದೇ ಜಾತಿಯ ಹಾವಾದರೂ ಊರಿಂದೂರಿಗೆ ವಿಷದ ಕೂಟ ಬದಲಾಗುತ್ತದೆ, ಮಾರುಕಟ್ಟೆಯ ಮದ್ದು ಎಲ್ಲ ಕಡೆಯೂ ಒಂದೇ ಸಮ ಕೆಲಸ ಮಾಡುವುದಿಲ್ಲ ಎಂದು ಅವರು ತೋರಿಸಿದರು. 2025ರಲ್ಲಿ ಅವರು ಪ್ರಕಟಿಸಿದ ಅಧ್ಯಯನ ದೇಶದ 34 ಕಡೆಗಳಿಂದ ತಂದ 115 ಕೊಳಕುಮಂಡಲಗಳ ವಿಷದ ಮೇಲೆ ನಡೆದದ್ದು. ಒಣ ಪ್ರದೇಶದ ಕೊಳಕುಮಂಡಲದ ವಿಷದಲ್ಲಿ ಪ್ರೋಟೀನು ಕತ್ತರಿಸುವ ಕಿಣ್ವಗಳ ಆರ್ಭಟ ಹೆಚ್ಚು ಎಂಬುದು ಅದರ ಒಂದು ಫಲಿತಾಂಶ. ನದಿಯೇ ಇಲ್ಲದಂತಾಗಿ ಸಾವಿರ ಅಡಿ ಬೋರ್‌ವೆಲ್ ಕೊರೆಯುವ ಕೋಲಾರ ಜಿಲ್ಲೆಯವರು ಈ ಸಾಲನ್ನು ಎರಡು ಸಲ ಓದಬೇಕು. ಕೊಳಕುಮಂಡಲ, ನಮ್ಮ ತೆಲುಗು ಮನೆಗಳಲ್ಲಿ ರಕ್ತಪಿಂಜರಿ ಎನ್ನುವ ಅದೇ ಹಾವು, ನಮ್ಮ ಹೊಲಗಳಲ್ಲೂ ಇದೆ. ನಮ್ಮ ಕೊಳಕುಮಂಡಲದ ವಿಷಕ್ಕೆ ನಮಗೆ ಬರುವ ಮದ್ದು ಎಷ್ಟು ತಡೆ ಕೊಡುತ್ತದೆ ಎಂದು ಪರೀಕ್ಷಿಸಿ ತೋರಿಸಬೇಕೆಂಬ ಕರಾರು ಮಾತ್ರ ಕಂಪನಿಗಳ ಮೇಲಿಲ್ಲ.

ಸೀಸೆಯ ಲೆಕ್ಕ ನೋಡಿ. ಒಂದು ಮಿಲಿಲೀಟರ್ ಮದ್ದು 0.6 ಮಿಲಿಗ್ರಾಂ ನಾಗರಹಾವಿನ ವಿಷ, 0.6 ಮಿಲಿಗ್ರಾಂ ಕೊಳಕುಮಂಡಲದ ವಿಷ, 0.45 ಮಿಲಿಗ್ರಾಂ ಕಟ್ಟುಹಾವಿನ ವಿಷ, 0.45 ಮಿಲಿಗ್ರಾಂ ಗರಗಸಮಂಡಲದ ವಿಷವನ್ನು ನಿಷ್ಕ್ರಿಯಗೊಳಿಸಬೇಕು ಎಂಬುದು ನಿಯಮ. ಕೊಳಕುಮಂಡಲ ಒಂದು ಕಡಿತದಲ್ಲಿ ಸರಾಸರಿ 63 ಮಿಲಿಗ್ರಾಂ ವಿಷ ಬಿಡುತ್ತದೆ ಎಂಬ ಅಂದಾಜಿದೆ. ಹತ್ತು ಮಿಲಿಲೀಟರಿನ ಹತ್ತು ಸೀಸೆ ಕೊಟ್ಟರೆ 60 ಮಿಲಿಗ್ರಾಂಗೆ ಸಮ. ಮೊದಲ ಡೋಸು ಎಂಟರಿಂದ ಹತ್ತು ಸೀಸೆ ಎಂದು ನಿಗದಿಯಾದದ್ದು ಈ ಲೆಕ್ಕದ ಮೇಲೆ. ಲೆಕ್ಕ ಅಚ್ಚುಕಟ್ಟಾಗಿದೆ, ಆದರೆ ಅದು ನಿಂತಿರುವುದು ಪ್ರಯೋಗಾಲಯದಲ್ಲಿ ಇಲಿಗಳ ಮೇಲೆ ಅಳೆದ ಪ್ರಮಾಣಿತ ವಿಷದ ಮೇಲೆ. ವಿಷದ ಕೂಟ ಬೇರೆಯಾದ ಕಡೆ ಹತ್ತು ಸೀಸೆ ಹದಿನೈದಾಗುತ್ತದೆ, ಇಪ್ಪತ್ತಾಗುತ್ತದೆ. ಸೀಸೆ ಏರಿದಷ್ಟೂ ಕುದುರೆಯ ಪ್ರೋಟೀನು ಮೈಗೆ ಹೋಗುತ್ತದೆ, ಮೈ ನಡುಕ, ಅಲರ್ಜಿ, ರಕ್ತದೊತ್ತಡ ಕುಸಿತದ ಅಪಾಯವೂ ಏರುತ್ತದೆ. ಸೀಸೆಯೊಳಗಿನ ಪ್ರತಿಕಾಯಗಳಲ್ಲಿ ಹಾವಿನ ವಿಷವನ್ನೇ ಗುರಿಯಾಗಿಸಿಕೊಂಡವು ಒಂದು ಸಣ್ಣ ಪಾಲು ಮಾತ್ರ ಎಂಬುದನ್ನೂ ಇಲ್ಲಿ ನೆನೆಯಬೇಕು.

ಹೀಗಾದರೆ ಉತ್ತಮ ಮದ್ದನ್ನು ಕಂಪನಿಗಳು ಯಾಕೆ ಮಾಡುವುದಿಲ್ಲ? ದೊಡ್ಡ ಗಿರಾಕಿ ಸರ್ಕಾರ, ಟೆಂಡರ್ ಹೋಗುವುದು ಕಡಿಮೆ ಬೆಲೆ ಕೂಗಿದವನಿಗೆ, ಅದರಲ್ಲಿ ಸಂಶೋಧನೆಗೆ ದುಡ್ಡು ಎಲ್ಲಿ ಎನ್ನುವುದು ಉದ್ಯಮದ ವಾದ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಅವರು ಹೇಳದೇ ಬಿಡುವುದು: ಸಂಶೋಧನೆಯ ಭಾರವನ್ನು ಸಾರ್ವಜನಿಕ ಸಂಸ್ಥೆಗಳು ಆಗಲೇ ಹೊತ್ತಿವೆ. 2024ರ ಫೆಬ್ರವರಿಯಲ್ಲಿ ಐಐಎಸ್‌ಸಿ ಮತ್ತು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ವಿಜ್ಞಾನಿಗಳು ಕುದುರೆಯ ಹಂಗಿಲ್ಲದೆ ಪ್ರಯೋಗಾಲಯದಲ್ಲೇ ರೂಪಿಸಿದ ಮಾನವ ಪ್ರತಿಕಾಯವೊಂದು ನಾಗರಹಾವು, ಕಟ್ಟುಹಾವುಗಳಂಥ ಹಾವುಗಳ ಒಂದು ಮುಖ್ಯ ನರವಿಷವನ್ನು ತಡೆಯುವುದನ್ನು ತೋರಿಸಿದರು. ಅಂಥದ್ದನ್ನು ಕಾರ್ಖಾನೆಗೆ, ಅಲ್ಲಿಂದ ಆಸ್ಪತ್ರೆಗೆ ತರುವ ಹಾದಿ ಉದ್ದವಿದೆ, ಒಪ್ಪೋಣ. ಆದರೆ ಪ್ರದೇಶಕ್ಕೊಂದರಂತೆ ವಿಷ ಸಂಗ್ರಹಿಸಿ, ಈಗಿನ ಕುದುರೆಗಳಿಗೇ ಅದನ್ನು ಬೆರೆಸಿ ಚುಚ್ಚುವುದಕ್ಕೆ ಹೊಸ ವಿಜ್ಞಾನ ಬೇಕಿಲ್ಲ. ಗಿರಾಕಿ ಕೇಳದಿರುವುದರಿಂದ ಅದು ಆಗಿಲ್ಲ. ನಗರದವರ ಸಕ್ಕರೆ ಕಾಯಿಲೆಗೆ ವರ್ಷಕ್ಕೊಂದು ಹೊಸ ಮಾತ್ರೆ ಬರುವ ದೇಶದಲ್ಲಿ ಹಳ್ಳಿಯವರ ಹಾವಿನ ಮದ್ದಿನ ಗುಣಮಟ್ಟದ ಅಂಕಿ ದಶಕಗಳಿಂದ ಅಲುಗಾಡಿಲ್ಲ. ಇದನ್ನು ಅನ್ಯಾಯ ಎನ್ನದೆ ಬೇರೆ ಹೆಸರಿನಿಂದ ಕರೆಯಲು ನನಗೆ ಮನಸ್ಸಿಲ್ಲ.

ಸರಬರಾಜಿನ ವಿಷಯ ಬೇರೆ. ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಟೆಂಡರ್ ಕರೆದು ಕೊಂಡದ್ದು ಜಿಲ್ಲಾ ಉಗ್ರಾಣಕ್ಕೆ ಬರುತ್ತದೆ, ಅಲ್ಲಿಂದ ಇಂಡೆಂಟ್ ಹಾಕಿದ ಆಸ್ಪತ್ರೆಗೆ. ಪುಡಿ ರೂಪದ ಮದ್ದು ಫ್ರಿಜ್ ಇಲ್ಲದೆಯೂ ತಾಳಿಕೊಳ್ಳುತ್ತದೆಂಬುದು ಕರೆಂಟ್ ಹೋಗುವ ಊರಿಗೆ ದೊಡ್ಡ ಅನುಕೂಲ. ಹಾಗಿದ್ದೂ ಕಚ್ಚಿಸಿಕೊಂಡವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಗೋ ಟಮಕದ ಜಾಲಪ್ಪ ಆಸ್ಪತ್ರೆಗೋ ಕಳಿಸಿಬಿಡುವುದು ಅಪರೂಪವಲ್ಲ. ಸೀಸೆ ಕಪಾಟಿನಲ್ಲಿದ್ದರೆ ಕೆಲಸ ಮುಗಿಯಲಿಲ್ಲವಲ್ಲ. ಎರಡು ಮಿಲಿಲೀಟರ್ ರಕ್ತ ತೆಗೆದು ಒಣಗಿದ, ಚೊಕ್ಕವಾದ ಗಾಜಿನ ಕೊಳವೆಗೆ ಹಾಕಿ ಇಪ್ಪತ್ತು ನಿಮಿಷ ಅಲುಗಿಸದೆ ಇಡಬೇಕು. ಬಗ್ಗಿಸಿದಾಗ ರಕ್ತ ಹೆಪ್ಪುಗಟ್ಟದೆ ಹರಿದರೆ ಮಂಡಲದ ವಿಷ ಏರಿದೆ ಎಂದರ್ಥ. ಕೊಳವೆ ಪ್ಲಾಸ್ಟಿಕ್ಕಿನದಾದರೆ, ಸೋಪಿನ ಪುಡಿಯಲ್ಲಿ ತೊಳೆದದ್ದಾದರೆ ಫಲಿತಾಂಶವೇ ಸುಳ್ಳು. ಆಮೇಲೆ ಒಂದೊಂದೇ ಸೀಸೆಗೆ ನೀರು ಬೆರೆಸಿ, ನೊರೆ ಬಾರದಂತೆ ಅಂಗೈ ನಡುವೆ ಮೆಲ್ಲಗೆ ಹೊರಳಿಸುತ್ತ ಪುಡಿ ಪೂರ್ತಿ ಕರಗುವವರೆಗೆ ಕಾಯಬೇಕು. ಹತ್ತು ಸೀಸೆಗೂ ಹೀಗೆಯೇ. ಪಕ್ಕದಲ್ಲಿ ಅಡ್ರಿನಲಿನ್ ಸಿರಿಂಜಿಗೆ ತುಂಬಿಟ್ಟಿರಬೇಕು. ರಾತ್ರಿ ಒಬ್ಬರೇ ನರ್ಸ್ ಇರುವ ಕಡೆ, ಅಲರ್ಜಿಯಾದರೆ ಹೊಣೆ ಯಾರದು ಎಂಬ ಭಯವಿರುವ ಕಡೆ, ಆಂಬುಲೆನ್ಸ್ ಕರೆಸುವುದೇ ಸುಲಭವಾಗಿಬಿಡುತ್ತದೆ. ಮುಳಬಾಗಿಲಿನ ಗಡಿ ಹಳ್ಳಿಯಿಂದ ಕೋಲಾರಕ್ಕೆ ಬರುವಷ್ಟರಲ್ಲಿ ಮೂತ್ರಪಿಂಡ ಸೋತಿರಬಹುದು. ಮದ್ದು ಮಾರುವ ಕಂಪನಿ ಈ ತರಬೇತಿಯ ಒಂದು ಪಾಲನ್ನಾದರೂ ಹೊರಬೇಕೆಂದು ಖರೀದಿ ಒಪ್ಪಂದದಲ್ಲೇ ಬರೆಯಲು ಯಾವ ಅಡ್ಡಿಯಿದೆ?

ಕರ್ನಾಟಕ ಒಂದು ಒಳ್ಳೆಯ ಹೆಜ್ಜೆ ಇಟ್ಟಿದೆ. 2024ರ ಫೆಬ್ರವರಿಯಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಸಾರಿದ ಮೊದಲ ರಾಜ್ಯ ನಮ್ಮದು. ಖಾಸಗಿ ಆಸ್ಪತ್ರೆಗಳೂ ಇದಕ್ಕೆ ಒಳಪಡುತ್ತವೆ. ಮರು ತಿಂಗಳೇ ಕೇಂದ್ರ ಸರ್ಕಾರ 2030ರೊಳಗೆ ಸಾವನ್ನು ಅರ್ಧಕ್ಕೆ ಇಳಿಸುವ ಕ್ರಿಯಾಯೋಜನೆ ಹೊರಡಿಸಿತು. ಹೀಗೆ ಸೇರುವ ವರದಿಗಳನ್ನು ಬೆಂಗಳೂರಿನ ಕಡತದಲ್ಲಿ ಇಟ್ಟು ಸುಮ್ಮನಾಗಬಾರದು. ಯಾವ ಹಾವು, ಯಾವ ತಾಲ್ಲೂಕು, ಎಷ್ಟು ಸೀಸೆ ಕೊಟ್ಟಮೇಲೆ ರಕ್ತ ಹೆಪ್ಪುಗಟ್ಟಿತು ಎಂಬ ಮೂರು ವಿವರ ಸೇರಿದರೆ ಮುಂದಿನ ಟೆಂಡರಿನಲ್ಲಿ ಬೆಲೆಯ ಪಕ್ಕದಲ್ಲಿ ಇನ್ನೊಂದು ಅಂಕಣ ಹಾಕಬಹುದು: ದಕ್ಷಿಣದ ಒಣಸೀಮೆಯ ಕೊಳಕುಮಂಡಲದ ವಿಷದ ಮೇಲೆ ಈ ತಯಾರಿಕೆಯ ಸಾಮರ್ಥ್ಯ ಎಷ್ಟು. ಅದೇ ವರದಿಯನ್ನು ನೋಡಿ ಮಾವು ಕೊಯ್ಲಿಗೆ ಮುಂಚೆಯೇ ಶ್ರೀನಿವಾಸಪುರದ ಆಸ್ಪತ್ರೆಗಳಿಗೆ ಎಷ್ಟು ಸೀಸೆ ಹೋಗಬೇಕೆಂದು ಜಿಲ್ಲಾ ಉಗ್ರಾಣದವರು ನಿರ್ಧರಿಸಬಹುದು. ಗಾಜಿನ ಕೊಳವೆಗಳನ್ನೂ ಅದೇ ಇಂಡೆಂಟಿನಲ್ಲಿ ಸೇರಿಸಲಿ.