ಒತ್ತಕ್ಷರಕ್ಕೆ ಜಾಗವಿಲ್ಲದ ಪಾಠ

ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನ ಕಡೆ ‘ಡಿಟಿಪಿ ಬರುತ್ತೆ’ ಅನ್ನುವ ಮಾತಿಗೆ ಇವತ್ತಿಗೂ ಒಂದು ತೂಕವಿದೆ. ಪೇಜ್‌ಮೇಕರ್, ಕೋರೆಲ್‌ಡ್ರಾ, ಫೋಟೋಶಾಪ್, ಜೊತೆಗೆ ನುಡಿ: ಇಷ್ಟು ಕಲಿತವರು ಪುಟ ಕಟ್ಟುವುದನ್ನು ಕಲಿತರು ಎಂದೇ ಲೆಕ್ಕ. ಈ ಪಾಠಕ್ಕಿರುವ ಹೆಸರು ಅದರ ಯೋಗ್ಯತೆಗಿಂತ ಬಹಳ ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ. ಲಗ್ನಪತ್ರಿಕೆ, ಕರಪತ್ರ, ರಸೀದಿ ಪುಸ್ತಕಗಳ ಕೆಲಸದಿಂದ ಎಷ್ಟೋ ಮನೆಗಳಿಗೆ ಅನ್ನ ಸಿಕ್ಕಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ಪಾಠದಲ್ಲಿ ಕಲಿಸುವುದು ಮೆನುಗಳನ್ನು, ಕನ್ನಡದ ಪುಟವನ್ನಲ್ಲ.

ಪೇಜ್‌ಮೇಕರ್ ಹಳೆಯದು ಎಂಬುದು ನನ್ನ ತಕರಾರಲ್ಲ. ಆಲ್ಡಸ್ ಕಂಪನಿ 1985ರಲ್ಲಿ ಹೊರತಂದ, 1994ರಲ್ಲಿ ಅಡೋಬಿಯ ಕೈಸೇರಿದ, 2001ರ 7.0 ಆವೃತ್ತಿಗೆ ನಿಂತುಹೋದ ತಂತ್ರಾಂಶ ಅದು. ಹಳೆಯ ಉಪಕರಣದಲ್ಲೂ ಒಳ್ಳೆಯ ಪುಟ ಕಟ್ಟಬಹುದು. ಕಟ್ಟಲಾಗದಂತೆ ಮಾಡುವುದು ಅದರೊಳಗಿನ ಕೆಲವು ಹೊಂದಿಕೆಗಳು, ಅವನ್ನು ಯಾರೂ ಪ್ರಶ್ನಿಸದೆ ಹೇಳಿಕೊಡುವ ಪಾಠ.

ಕೈವಾರದ ತಾತಯ್ಯನವರ ಒಂದು ಕೀರ್ತನೆಯನ್ನು ಪುಟಕ್ಕೆ ಕೂರಿಸಿ ನೋಡಿ. ತೆಲುಗು, ಕನ್ನಡ ಎರಡರಲ್ಲೂ ಹಾಡಿದವರು ಅವರು. ಅವರ ತೆಲುಗು ಪದಗಳನ್ನೂ ಈ ಸೀಮೆಯ ಜನ ಕನ್ನಡ ಲಿಪಿಯಲ್ಲೇ ಓದಿ ಹಾಡುತ್ತಾರೆ. ಪಲ್ಲವಿ, ಚರಣ, ಕೊನೆಗೆ ನಾರೇಯಣ ಎಂಬ ಅಂಕಿತ. ಸಾಲಿಗೆ ನಾಲ್ಕಾರು ಒತ್ತಕ್ಷರ. ಅಕ್ಷರದ ಅಳತೆ 12 ಪಾಯಿಂಟ್ ಇಟ್ಟರೆ ಪೇಜ್‌ಮೇಕರ್ ತಾನಾಗಿ ಕೊಡುವ ಸಾಲಿನ ಅಂತರ ಅದರ ಶೇ. 120, ಅಂದರೆ 14.4 ಪಾಯಿಂಟ್. ಇದು ರೋಮನ್ ಲಿಪಿಗಾಗಿ ಇಟ್ಟ ಲೆಕ್ಕ. ಇಂಗ್ಲಿಷಿನಲ್ಲಿ ಸಾಲಿನ ಕೆಳಗಿಳಿಯುವುದು ಒಂದೈದು ಅಕ್ಷರಗಳ ಬಾಲ ಮಾತ್ರ. ನಮ್ಮಲ್ಲಿ ಅರ್ಧ ವರ್ಣಮಾಲೆಯೇ ಒತ್ತಾಗಿ ಕೆಳಗಿಳಿಯುತ್ತದೆ. ಶಾಸ್ತ್ರ, ರಾಷ್ಟ್ರ, ಸ್ತ್ರೀ ಇಂಥ ಕಡೆ ಎರಡೆರಡು ಒತ್ತು. ಅದರ ಕೆಳಸಾಲಿನಲ್ಲಿ ‘ಕಿ’, ‘ತಿ’ಗಳ ಗುಡಿಸು ತಲೆಯೆತ್ತಿ ನಿಂತಿರುತ್ತದೆ. ಎರಡೂ ತಾಗುವಷ್ಟು ಹತ್ತಿರ ಬರುತ್ತವೆ, ಕೆಲವು ಫಾಂಟುಗಳಲ್ಲಿ ತಾಗಿಯೇ ಬಿಡುತ್ತವೆ. ಮುದುಕರೊಬ್ಬರು ಭಜನೆಯಲ್ಲಿ ದೀಪದ ಬೆಳಕಿಗೆ ಹಿಡಿದು ಓದಬೇಕಾದ ಪುಸ್ತಕ ಇದು. ಕಲಿಸುವವರು ಮಾತ್ರ ‘ಆಟೋ ಇರಲಿ ಬಿಡು’ ಎಂದು ಮುಂದಿನ ಮೆನುವಿಗೆ ಹೋಗುತ್ತಾರೆ. ಪುಟ ಉಳಿಸಲು ಅಂತರವನ್ನು ಇನ್ನಷ್ಟು ಕುಗ್ಗಿಸುವುದನ್ನು ಜಾಣತನವೆಂದು ಹೇಳಿಕೊಡುವವರೂ ಇದ್ದಾರೆ.

ಜಸ್ಟಿಫೈ ಮಾಡಿದಾಗ ಆಗುವುದು ಇನ್ನೂ ಕೆಟ್ಟದ್ದು. ನುಡಿಯ ಹಳೆಯ ಆಸ್ಕಿ ಫಾಂಟುಗಳಲ್ಲಿ ಒಂದು ಅಕ್ಷರ ಅಂದರೆ ಹಲವು ತುಣುಕು: ಮೂಲಾಕ್ಷರ ಬೇರೆ, ದೀರ್ಘ ಬೇರೆ, ಒತ್ತು ಬೇರೆ. ತಂತ್ರಾಂಶಕ್ಕೆ ಇವೆಲ್ಲ ಬಿಡಿ ಇಂಗ್ಲಿಷ್ ಅಕ್ಷರಗಳು. ಹೈಫನೇಶನ್ ಆನ್ ಇದ್ದರೆ ಅದು ಇಂಗ್ಲಿಷ್ ನಿಯಮದಂತೆ ಎಲ್ಲಿ ಬೇಕಾದರೂ ಕತ್ತರಿಸುತ್ತದೆ, ತಾಯಕ್ಷರ ಮೇಲಿನ ಸಾಲಿನ ಕೊನೆಗೆ ಉಳಿದು ಒತ್ತು ಕೆಳಗಿನ ಸಾಲಿನ ಮೊದಲಿಗೆ ಬೀಳುತ್ತದೆ. ಹೈಫನೇಶನ್ ಆಫ್ ಮಾಡಿದರೆ ನಮ್ಮ ಉದ್ದುದ್ದ ಪದಗಳು ಮುರಿಯದೆ ಸಾಲಿನ ನಡುವೆ ದೊಡ್ಡ ಬಿಳಿ ತೂತುಗಳು. ಆ ತೂತು ಮುಚ್ಚಲು ತಂತ್ರಾಂಶ ಅಕ್ಷರಗಳ ನಡುವಿನ ಜಾಗ ಹಿಗ್ಗಿಸುತ್ತದೆ, ಒತ್ತು ತನ್ನ ತಾಯಕ್ಷರದಿಂದ ದೂರ ಸರಿಯುತ್ತದೆ. ಪರಿಹಾರ ಕಷ್ಟದ್ದೇನಲ್ಲ. ಅಕ್ಷರದಂತರವನ್ನು ಸೊನ್ನೆಗೆ ಕಟ್ಟಿಹಾಕಬೇಕು, ಪದ್ಯವನ್ನು ಎಡಕ್ಕೆ ಮಾತ್ರ ಒತ್ತರಿಸಿ ಬಲ ಅಂಚನ್ನು ಅದರ ಪಾಡಿಗೆ ಬಿಡಬೇಕು, ಉದ್ದ ಸಾಲು ಮಡಚಿದಾಗ ಒಳಸರಿಯುವಂತೆ ಹ್ಯಾಂಗಿಂಗ್ ಇಂಡೆಂಟನ್ನು ಸ್ಟೈಲ್‌ನಲ್ಲೇ ಇಡಬೇಕು. ಕಲಿತು ಬಂದವರು ಮಾಡುವುದು ಸ್ಪೇಸ್‌ಬಾರ್ ಒತ್ತುವುದು, ಎಂಟರ್ ಹೊಡೆಯುವುದು. ಎರಡನೇ ಮುದ್ರಣಕ್ಕೆ ಅಕ್ಷರದ ಅಳತೆ ಬದಲಿಸಿದ ದಿನ ಆ ಎಂಟರ್‌ಗಳೆಲ್ಲ ಸಾಲಿನ ನಡುಮಧ್ಯೆ ಬಂದು ಕೂರುತ್ತವೆ, ಚರಣ ಚೂರುಚೂರಾಗುತ್ತದೆ.

ಇದನ್ನು ಯಾರಾದರೂ ಬರೆದಿದ್ದಾರೆಯೇ? ಪುಸ್ತಕ ವಿಮರ್ಶಕರ ಮೇಲೆ ನನ್ನ ನಿಜವಾದ ಸಿಟ್ಟು ಇರುವುದು ಇಲ್ಲಿ. ಎರಡು ಪುಟ ವಸ್ತು, ಆಶಯ, ಭಾಷೆಯ ಬಗ್ಗೆ ಬರೆದು ಕಡೆಗೊಂದು ಸಾಲು: ಮುಖಪುಟ ಆಕರ್ಷಕ, ಮುದ್ರಣ ಅಚ್ಚುಕಟ್ಟು. ಒಳಪುಟವನ್ನು ಓದಿಯೇ ವಿಮರ್ಶೆ ಬರೆದವರು ಒಳಪುಟವನ್ನು ನೋಡಿಲ್ಲ. ತತ್ವಪದಗಳ ಸಂಗ್ರಹವೊಂದರಲ್ಲಿ ಪಲ್ಲವಿ ಎಲ್ಲಿ ಮುಗಿದು ಚರಣ ಎಲ್ಲಿ ಶುರುವಾಯಿತೆಂದು ಕಣ್ಣಿಗೆ ತಿಳಿಯದಿದ್ದರೆ ಅದು ಸಂಪಾದನೆಯ ದೋಷವೇ, ಅಲಂಕಾರದ ಕೊರತೆಯಲ್ಲ. ಪಾಠಾಂತರಗಳ ಬಗ್ಗೆ ಜಗಳವಾಡುವ ವಿದ್ವಾಂಸರು ಇದನ್ನು ಆಪರೇಟರ್‌ನ ತಲೆಗೆ ಕಟ್ಟಿ ಕೈತೊಳೆದುಕೊಂಡಿದ್ದಾರೆ. ಅವರು ಕೇಳಿದ್ದರೆ ಕಲಿಸುವವರೂ ಕಲಿಸುತ್ತಿದ್ದರು.

ಯುನಿಕೋಡ್ ಬಂದಮೇಲೆ ಎಲ್ಲ ಸರಿಹೋಯಿತು ಎನ್ನುವ ತಂತ್ರಜ್ಞಾನದ ಗೆಳೆಯರ ಮಾತನ್ನೂ ನಾನು ಒಪ್ಪುವುದಿಲ್ಲ. ಒತ್ತು ತಾಯಕ್ಷರಕ್ಕೆ ಅಂಟಿಕೊಂಡೇ ಉಳಿಯುವುದು, ಪಠ್ಯವನ್ನು ಹುಡುಕಲು ಬರುವುದು ದೊಡ್ಡ ಲಾಭ, ನಿಜ. ಆದರೆ ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸದೆ ಹೋದರೆ ಯುನಿಕೋಡ್ ಕನ್ನಡವೂ ಒಡೆದು ಬೀಳುತ್ತದೆ. ಆರಿಸಿದ ಮೇಲೂ ಅಲ್ಲಿ ತಾನಾಗಿ ಸಿಗುವ ಸಾಲಿನ ಅಂತರ ಅದೇ ಶೇ. 120. ಫಾಂಟಿನ ಒತ್ತು ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಆ ಲೆಕ್ಕ ನೋಡುವುದೇ ಇಲ್ಲ. ತಂತ್ರಾಂಶ ಬದಲಾಯಿತು, ಕನ್ನಡದ ಸಾಲು ಎಲ್ಲಿತ್ತೋ ಅಲ್ಲೇ ಇದೆ.

ಹಾಗಾಗಿ ಡಿಟಿಪಿ ಪಾಠವನ್ನು ಅಳೆಯಲು ನನಗೆ ಪ್ರಮಾಣಪತ್ರ ಬೇಡ, ತಂತ್ರಾಂಶಗಳ ಪಟ್ಟಿಯೂ ಬೇಡ. ಕಲಿತವರು ಅದೇ ಕೀರ್ತನೆಯನ್ನು 12 ಪಾಯಿಂಟಿನಲ್ಲಿ 15, 17, 19ರ ಅಂತರಕ್ಕೆ ಮೂರು ಸಲ ಅಚ್ಚು ತೆಗೆದು, ಒತ್ತು ಎಲ್ಲಿ ತಾಗಿತು, ಎಲ್ಲಿ ಬಿಟ್ಟಿತು, ಸಾಲುಗಳು ಎಲ್ಲಿ ಒಂದನ್ನೊಂದು ಕಳೆದುಕೊಂಡವು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ ತೋರಿಸಲಿ. ನಾನು ನೋಡಿದ ಪಾಠಗಳಲ್ಲಿ ಈ ಒಂದು ಗಂಟೆಯ ಕೆಲಸ ಒಂದರಲ್ಲೂ ಇರಲಿಲ್ಲ.