ಶ್ವಾಸಕೋಶದ ಚಿತ್ರದಲ್ಲಿ ಉಪಮಾನಗಳು

ಶಾಸ್ತ್ರಗ್ರಂಥಗಳ ಭಾಷೆಯಲ್ಲಿ ಅಲಂಕಾರಕ್ಕೆ ಎಡೆಯಿಲ್ಲವೆಂಬುದು ನಮ್ಮಲ್ಲಿ ಬೇರೂರಿದ ಅಭಿಪ್ರಾಯ. ಫ್ರಾನ್ಸಿನ ವೈದ್ಯರಾದ ಡೇನಿಯಲ್ ಲಿಕ್ಟೆನ್‌ಸ್ಟೈನ್ ಅವರ ಬರೆಹಗಳನ್ನು ನೋಡಿದವರಿಗೆ ಇದು ನಿಲ್ಲತಕ್ಕ ಮಾತಲ್ಲವೆಂದು ತೋರದೆ ಇರದು. ಉಸಿರು ಕಟ್ಟಿದ ರೋಗಿಯ ಹಾಸಿಗೆಯ ಬಳಿಯಲ್ಲಿಯೇ ಅಲ್ಟ್ರಾಸೌಂಡಿನಿಂದ ಶ್ವಾಸಕೋಶವನ್ನು ಪರೀಕ್ಷಿಸುವ ಕ್ರಮವನ್ನು ನೆಲೆಗೊಳಿಸಿದವರಲ್ಲಿ ಇವರು ಮುಖ್ಯರು. ೨೦೦೮ರಲ್ಲಿ ಪ್ರಕಟವಾದ ಇವರ ಪ್ರಬಂಧದಲ್ಲಿ ೨೬೦ ರೋಗಿಗಳ ಪೈಕಿ ನೂರಕ್ಕೆ ೯೦.೫ರಷ್ಟು ಮಂದಿಯಲ್ಲಿ ಈ ಕ್ರಮದಿಂದ ನಿದಾನವು ಸರಿಯಾಗಿ ದೊರೆಯಿತೆಂದಿದೆ. ಗಾಳಿ ತುಂಬಿದ ಅಂಗದೊಳಕ್ಕೆ ಈ ಧ್ವನಿ ಹೊಗಲಾರದು. ಆದುದರಿಂದ ತೆರೆಯ ಮೇಲೆ ಕಾಣುವುದು ಅಂಗದ ಆಕೃತಿಯಲ್ಲ, ಬಹುಮಟ್ಟಿಗೆ ಪ್ರತಿಫಲನದ ಗೆರೆಗಳು. ಇವಕ್ಕೆ ಹೆಸರು ದೊರೆತದ್ದು ಉಪಮೆಯ ಮೂಲಕ.

ಎರಡು ಪಕ್ಕೆಲುಬುಗಳೂ ಅವುಗಳ ನಡುವೆ ತುಸು ಕೆಳಗೆ ಹೊಳೆಯುವ ಪುಪ್ಪುಸಾವರಣದ ಗೆರೆಯೂ ಸೇರಿ ‘ಬಾವಲಿ’ಯಾಗುತ್ತವೆ. ಹೊಸಬನು ಗೆರೆಯನ್ನು ತಪ್ಪದೆ ಗುರುತಿಸುವುದಕ್ಕೆ ಇಷ್ಟು ಸಾಕು. ‘ಕಡಲತೀರ’ವೆಂಬುದು ಇದಕ್ಕಿಂತ ರಮ್ಯವಾದುದು. ಒಂದೇ ಸ್ಥಾನದ ಚಲನೆಯನ್ನು ಕಾಲಕ್ರಮದಲ್ಲಿ ಹರಡಿ ಬರೆದಾಗ ಎದೆಯ ಗೋಡೆಯು ಮೇಲೆ ಅಲೆಗಳ ಸಾಲಿನಂತೆಯೂ ಶ್ವಾಸಕೋಶವು ಕೆಳಗೆ ಮರಳಿನಂತೆಯೂ ತೋರುತ್ತದೆ. ಆದರೆ ಆಲಂಕಾರಿಕನು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬೇಕಾಗುತ್ತದೆ. ಲೋಕದಲ್ಲಿ ಚಲಿಸುವುದು ಅಲೆ, ನಿಶ್ಚಲವಾದುದು ಮರಳು. ಈ ಚಿತ್ರದಲ್ಲಿಯಾದರೋ ಅಲೆಯೇ ಅಲುಗದ ಗೋಡೆ, ಮರಳೇ ಉಸಿರಿನೊಡನೆ ಸರಿದಾಡುವ ಶ್ವಾಸಕೋಶ! ಆಕಾರದಲ್ಲಿ ಸಾದೃಶ್ಯವಿದೆ, ಧರ್ಮದಲ್ಲಿ ವೈಪರೀತ್ಯವಿದೆ. ಉಪಮೆಯನ್ನು ಆಕಾರದಿಂದಾಚೆಗೆ ಎಳೆದ ವಿದ್ಯಾರ್ಥಿಯು ಚಿತ್ರವನ್ನು ತಲೆಕೆಳಗಾಗಿ ಓದುವನು.

ಮರಳು ಅಳಿದು ಎಲ್ಲವೂ ಅಡ್ಡಗೆರೆಗಳಾದರೆ ಅದಕ್ಕೆ ‘ಸ್ಟ್ರಾಟೋಸ್ಫಿಯರ್’ ಎಂದು ಹೆಸರು. ಇಲ್ಲಿ ತೊಡಕು ಇನ್ನೂ ಹೆಚ್ಚು. ಚಿತ್ರವು ಹೇಳುವುದು ಶ್ವಾಸಕೋಶವು ಸರಿದಾಡುತ್ತಿಲ್ಲವೆಂಬುದಿಷ್ಟನ್ನೇ. ಹೆಸರಾದರೋ ವಾಯುಮಂಡಲವನ್ನು ನೆನಪಿಗೆ ತಂದು, ಪುಪ್ಪುಸಾವರಣದೊಳಗೆ ಗಾಳಿ ಸೇರಿದೆಯೆಂಬ ನಿರ್ಣಯಕ್ಕೆ ಓದುಗನನ್ನು ತಳ್ಳುತ್ತದೆ. ಉಸಿರು ನಿಂತಿದ್ದರೂ, ಆವರಣದ ಪದರಗಳು ಅಂಟಿಕೊಂಡಿದ್ದರೂ, ಕೊಳವೆಯು ಬಲಗಡೆಯ ಶ್ವಾಸನಾಳಕ್ಕೆ ಜಾರಿದ್ದರಿಂದ ಎಡಗಡೆಗೆ ಗಾಳಿ ಹೋಗದಿದ್ದರೂ ಚಿತ್ರವು ಹೀಗೆಯೇ ಕಾಣಬಹುದು. ಬೆಳದಿಂಗಳನ್ನು ಹಾಲೆಂದು ಬಗೆಯುವುದು ಕಾವ್ಯದಲ್ಲಿ ಭ್ರಾಂತಿಮದಲಂಕಾರ. ಇಲ್ಲಿ ಅದರ ಫಲ ಬೇಡದ ಎದೆಗೆ ಸೂಜಿ. ಅಂಗಡಿಯ ಸಾಮಾನಿನ ಮೇಲಣ ‘ಬಾರ್‌ಕೋಡ್’ ಎಂದು ಇದೇ ಚಿತ್ರಕ್ಕೆ ಇರುವ ಮತ್ತೊಂದು ಹೆಸರು ನೀರಸವಾದರೂ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ.

೨೦೦೦ದಲ್ಲಿ ಅವರೇ ಸಂಗಡಿಗರೊಡನೆ ವರ್ಣಿಸಿದ ‘ಪುಪ್ಪುಸಬಿಂದು’ವಿನಲ್ಲಿ ಉಪಮೆಯೇ ಇಲ್ಲ. ಉಸಿರಾಟದೊಡನೆ ಮರಳೂ ಅಡ್ಡಗೆರೆಗಳೂ ಒಂದೇ ಎಡೆಯಲ್ಲಿ ಸರದಿಯಾಗಿ ತೋರಿದರೆ, ಶ್ವಾಸಕೋಶದ ಅಂಚು ಅಲ್ಲಿ ಗೋಡೆಯನ್ನು ಮುಟ್ಟಿ ಹಿಂದೆಗೆಯುತ್ತಿದೆ ಎಂದರ್ಥ. ಗಾಳಿ ಸೇರಿರುವುದು ಆಗ ಬಹುಮಟ್ಟಿಗೆ ನಿಶ್ಚಿತ. ಆದರೆ ಶ್ವಾಸಕೋಶವು ಪೂರ್ತಿಯಾಗಿ ಕುಗ್ಗಿಹೋದ ಕಡೆ ಈ ಬಿಂದುವು ಎಷ್ಟು ಹುಡುಕಿದರೂ ಸಿಕ್ಕುವುದಿಲ್ಲ.